ಮನೆ, ಶಾಲೆ, ಓದು: ಇದರ ನಡುವೆ ಬರೆಯೋದು ಯಾವಾಗ?

ಟೀಚರ್, ಹಾಸನ:
ನಮಸ್ಕಾರ. ನಾನು ಪ್ರೌಢಶಾಲೆ ಟೀಚರ್. ಲಲಿತ ಪ್ರಬಂಧದಂಥ ಸಣ್ಣಪುಟ್ಟ ಬರಹ ಬರೀಬೇಕು ಅಂತ ಬಹಳ ದಿನದ ಆಸೆ. ಬೆಳಗ್ಗೆ ಡಬ್ಬಿ ಕಟ್ಟೋದು, ಸಂಜೆ ಉತ್ತರಪತ್ರಿಕೆ ತಿದ್ದೋದು, ರಾತ್ರಿ ಪುಸ್ತಕ ಹಿಡಿದ್ರೆ ಎರಡು ಪುಟಕ್ಕೇ ನಿದ್ದೆ. ದಿನಾ ಬರೀಲೇಬೇಕು ಅಂತಾರೆ ಎಲ್ಲರೂ. ನೀವೆಲ್ಲ ಹೇಗೆ ಹೊಂದಿಸ್ಕೊಂಡಿದ್ದೀರಿ? ಇನ್ನೊಂದು, ಯಾರನ್ನ ಓದ್ತೀನೋ ಅವರ ಧಾಟಿಯೇ ನನ್ನ ಬರಹಕ್ಕೆ ಬಂದುಬಿಡುತ್ತೆ. ಅದಕ್ಕೂ ದಾರಿ ಇದ್ರೆ ಹೇಳಿ.

ತೋಟದ ರೈಟರ್, ಮೂಡಿಗೆರೆ ಕಡೆ:
ಮೇಡಂ, ನನ್ನದು ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ಕೆಲಸ. ದಿನಾ ಬೆಳಗ್ಗೆ ಮಳೆಮಾಪಕ ನೋಡಿ ರಿಜಿಸ್ಟರ್‌ಗೆ ಇಂಚು, ಸೆಂಟು ಏರಿಸಬೇಕು. 100 ಸೆಂಟಿಗೆ ಒಂದು ಇಂಚು. ಆ ಪೆನ್ನು ಕೆಳಗಿಡೋ ಮೊದಲೇ ನನ್ನ ಸ್ವಂತ ನೋಟ್‌ಬುಕ್ಕಲ್ಲಿ ಅದೇ ತಾರೀಖು, ಅದೇ ಅಂಕಿ ಹಾಕಿ ಪಕ್ಕಕ್ಕೆ ಒಂದು ಸಾಲು ಬರೀತೀನಿ. "1 ಇಂಚು 35 ಸೆಂಟು. ಲೈನ್ ಮನೆ ಹೆಂಚಿನ ಮೇಲೆ ಕೋಳಿ ಹತ್ತಿ ಕೂತಿದೆ, ಇಳಿಸೋರು ಯಾರೂ ಇಲ್ಲ." ಇಷ್ಟೇ. ಲೈನ್ ಮನೆ ಅಂದ್ರೆ ತೋಟದ ಕೆಲಸದವರ ಸಾಲುಮನೆ. ಭಾವನೆ ಗೀವನೆ ಬರೆಯಲ್ಲ, ಕಣ್ಣಿಗೆ ಬಿದ್ದದ್ದು ಮಾತ್ರ. ಡಿಸೆಂಬರ್‌ನಲ್ಲಿ ಹಣ್ಣು ಕುಯ್ಲು ಜೋರಾದಾಗ ಅದೂ ತಪ್ಪುತ್ತೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಕಾಯ್ತಾ ಕೂತಾಗ ಹಳೇ ಸಾಲು ತಿರುವಿ ಹಾಕಿದ್ರೆ ಯಾವುದೋ ಒಂದು ತಾನಾಗೇ ಬೆಳೆಯುತ್ತೆ. ಧಾಟಿ ವಿಷಯಕ್ಕೂ ಇದೇ ಮದ್ದು ಅನ್ಸುತ್ತೆ. ಆ ಕೋಳಿಯನ್ನ ನೀವು ಓದೋ ಲೇಖಕರು ಯಾರೂ ನೋಡಿಲ್ಲವಲ್ಲ!
ಅಂದಹಾಗೆ ಆಷಾಢದಲ್ಲಿ ನಮ್ಮ ಕಡೆ ಜೆಲ್ ಪೆನ್ ಆಗಲ್ಲ, ಥಂಡಿಗೆ ಹಾಳೆ ಮೆತ್ತಗಾಗಿ ಶಾಯಿ ಹರಡುತ್ತೆ. ನಿಮಗೆ ಆ ಕಾಟ ಕಡಿಮೆ.

ಗೃಹಿಣಿ, ಸಕಲೇಶಪುರ:
ದಿನಾ ಬರೀಬೇಕು ಅನ್ನೋದನ್ನ ನಾನು ಒಪ್ಪಲ್ಲ. ಹಾಸನದ ಬಾನು ಮುಷ್ತಾಕ್ ಅವರನ್ನೇ ನೋಡಿ, ವೃತ್ತಿಯಲ್ಲಿ ವಕೀಲರು. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದ ಸಂಕಲನದ 12 ಕತೆಗಳು ಕನ್ನಡದಲ್ಲಿ ಬಂದದ್ದು 1990ರಿಂದ 2023ರ ನಡುವೆ. ಬರೆದದ್ದರಲ್ಲಿ ಆಯ್ದವು ಅವು, ಸರಿ. ಆದರೂ ಮೂವತ್ತು ವರ್ಷ ದಾಟಿದ ಹಾದಿ. ನಮಗೇನು ಈ ತಿಂಗಳೇ ಆಗಬೇಕು ಅಂತ ಅವಸರ? ನಾನಂತೂ ಅಕ್ಕಿರೊಟ್ಟಿ ತಟ್ಟುವಾಗ ತಲೆಯೊಳಗೇ ಬರೀತೀನಿ. ಭಾನುವಾರದ ಹೊತ್ತಿಗೆ ನೆನಪಿದ್ರೆ ಕಾಗದಕ್ಕೆ, ಮರೆತ್ರೆ ಹೋಯ್ತು.

ತೋಟದ ರೈಟರ್:
ಅಕ್ಕ, ನನಗೆ ಹಾಗಾಗಲ್ಲ. ಮರೆತದ್ದೇ ಚೆನ್ನಾಗಿತ್ತೇನೋ ಅಂತ ಕೊರಗು ಶುರುವಾಗುತ್ತೆ.

ವ್ಯಾಪಾರಿ, ಚನ್ನರಾಯಪಟ್ಟಣ:
ನಾನು ಆಗಾಗ ಬೆಂಗಳೂರಿಗೆ ಹೋಗಿಬರೋನು. ಬಸ್ಸಲ್ಲಿ ಅಕ್ಷರ ನೋಡಿದ್ರೆ ತಲೆಸುತ್ತು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ರೈಲು ಶುರುವಾಯ್ತಲ್ಲ, ಆಮೇಲೆ ಓದು ಕೈಗೆ ಹತ್ತಿತು. ಹೋಗುವಾಗ ಓದು. ಬರುವಾಗ ಬಾಯಲ್ಲಿ ಹೇಳ್ತೀನಿ, ಮೊಬೈಲೇ ಕನ್ನಡದಲ್ಲಿ ಟೈಪ್ ಮಾಡುತ್ತೆ. ಊರಿನ ಹೆಸರು, ಮನುಷ್ಯರ ಹೆಸರು ಎಲ್ಲ ಕೆಡಿಸುತ್ತೆ, ಮನೇಲಿ ಕೂತು ತಿದ್ದಬೇಕು. ಎದುರು ಸೀಟಿನವರು ಯಾರ ಜೊತೆಗೋ ಜಗಳ ಆಡ್ತಿದ್ದಾನೆ ಅಂದ್ಕೋತಾರೆ, ಅಷ್ಟೇ.

ಟೀಚರ್, ಹಾಸನ:
ರೈಟರ್ ಸರ್, ನಮ್ಮಲ್ಲಿ ಮಳೆಮಾಪಕ ಇಲ್ಲ, ಹಾಜರಿ ಪುಸ್ತಕ ಇದೆ. ಹಾಜರಿ ಕೂಗಿದ ಮೇಲೆ ಒಂದು ಸಾಲು ಬರೆದು ನೋಡ್ತೀನಿ. ಮಕ್ಕಳ ಹೆಸರು ಹಾಕಬಹುದಾ?

ಗೃಹಿಣಿ, ಸಕಲೇಶಪುರ:
ನೋಟ್‌ಬುಕ್ಕಲ್ಲಿ ನಿಜವಾದ ಹೆಸರೇ ಇರಲಿ, ಇಲ್ಲಾಂದ್ರೆ ಮುಖವೇ ಮರೆತುಹೋಗುತ್ತೆ. ಪತ್ರಿಕೆಗೆ ಕಳಿಸುವಾಗ ಬದಲಾಯಿಸಿ. ಹೆಸರಷ್ಟೇ ಸಾಲದು ಮೇಡಂ, ಬೀದಿ, ಅಪ್ಪನ ಕಸುಬು ಎಲ್ಲಾನೂ. ನಮ್ಮಂಥ ಊರಲ್ಲಿ ಸೈಕಲ್ ಬಣ್ಣ ಹೇಳಿದ್ರೆ ಸಾಕು, ಯಾರ ಮಗ ಅಂತ ಗೊತ್ತಾಗುತ್ತೆ.