ತುರ್ತು: 'ಸಹಭಾಗಿತ್ವ'ದ ಬದಲು ಏನು? ನಾಳೆ ಪೇಂಟರ್ ಬರುತ್ತಾನೆ

ಮಡಿಕೇರಿ, ಸಂಜೆ 5:10

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಓದುವುದೇ ಜಾಸ್ತಿ, ಬರೆಯುವುದು ಕಮ್ಮಿ. ಇವತ್ತು ಬೇರೆ ದಾರಿಯಿಲ್ಲದೆ ಕೇಳುತ್ತಿದ್ದೇನೆ.

ಇಲ್ಲಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಟೀಚರ್. ಫೆಬ್ರವರಿ 28ಕ್ಕೆ ವಿಜ್ಞಾನ ದಿನ. ಹತ್ತನೇ ಕ್ಲಾಸಿನವರು 'ನಿಯಂತ್ರಣ ಮತ್ತು ಸಹಭಾಗಿತ್ವ' ಪಾಠಕ್ಕೆ ಒಂದು ಮೂಲೆ ಸಿದ್ಧ ಮಾಡುತ್ತಿದ್ದಾರೆ. ಪ್ಲೈವುಡ್ ಫಲಕ, ಬಣ್ಣದ ಅಕ್ಷರ. ಪೇಂಟರ್ ನಾಳೆ ಬೆಳಗ್ಗೆ ಒಂಬತ್ತಕ್ಕೆ ಬರುತ್ತಾನೆ. ಅಕ್ಷರಕ್ಕೆ ಇಷ್ಟು ಅಂತ ಅವನ ಲೆಕ್ಕ.

ತೊಂದರೆ ಇರುವುದು ತಲೆಬರಹದಲ್ಲೇ. ಇಂಗ್ಲಿಷಿನ ಕೋಆರ್ಡಿನೇಶನ್‌ಗೆ ಪುಸ್ತಕದಲ್ಲಿ 'ಸಹಭಾಗಿತ್ವ' ಅಂತಿದೆ. ಪಾಠ ಶುರುವಾದ ದಿನವೇ ಒಬ್ಬ ಹುಡುಗ ಎದ್ದು, "ಟೀಚರ್, ಕಣ್ಣಿಗೂ ಕೈಗೂ ಪಾರ್ಟ್‌ನರ್‌ಶಿಪ್ಪಾ?" ಅಂತ ಕೇಳಿದ. ಕ್ಲಾಸೆಲ್ಲ ನಕ್ಕಿತು. ನನಗೆ ಉತ್ತರ ಹೊಳೆಯಲಿಲ್ಲ.

ಇನ್ನೂ ಮೂರು ಫಲಕ ಇವೆ. ಒಂದು ಮುಟ್ಟಿದರೆ ಮುನಿ ಕುಂಡದ ಮುಂದೆ. ಒಂದು ಸೌತೆಬಳ್ಳಿಯ ಮುಂದೆ, ಅದರ ಕುಡಿ ಕೋಲಿಗೆ ತಾಗಿ ಸುರುಳಿ ಸುತ್ತಿದೆ. ಇನ್ನೊಂದು, ಬಿಸಿ ಕಾವಲಿ ಮುಟ್ಟಿ ಕೈ ಎಳೆದುಕೊಳ್ಳುವ ಚಿತ್ರ. ಇದು ಪುಸ್ತಕದಲ್ಲಿ 'ಪರಾವರ್ತಿತ ಪ್ರತಿಕ್ರಿಯೆ'. ಬೆಳಕು, ಸ್ಪರ್ಶದಂಥವಕ್ಕೆ ಗಿಡ ಬಾಗುವುದಕ್ಕೆ ಪುಸ್ತಕದಲ್ಲಿ 'ಅನುವರ್ತನೆ' ಅಂತಿದೆ, ಮೊದಲೆರಡಕ್ಕೂ ಅದನ್ನೇ ಬರೆಸಬಹುದಾ? ಹಾರ್ಮೋನನ್ನು ಹಾರ್ಮೋನು ಅಂತಲೇ ಬರೆಸುತ್ತೇನೆ, ದಯವಿಟ್ಟು ಅದಕ್ಕೆ ಜಗಳ ಬೇಡ.

ಮೈಸೂರು, 5:25

ಸಮನ್ವಯ. ಚರ್ಚೆಗೆ ಏನಿದೆ ಇದರಲ್ಲಿ? ಸಹಭಾಗಿತ್ವದಲ್ಲಿ 'ಭಾಗ' ಇದೆ, ಅಂದರೆ ಪಾಲು. ನಿಮ್ಮ ಹುಡುಗ ಕೇಳಿದ್ದು ಸರಿ. ಸಮನ್ವಯದಲ್ಲಿ 'ಅನ್ವಯ' ಇದೆ, ಒಂದರ ಹಿಂದೆ ಒಂದು ಕೂಡಿ ನಡೆಯುವುದು. ನರ, ಸ್ನಾಯು ಮಾಡುವುದು ಅದನ್ನೇ.

ಮುಟ್ಟಿದರೆ ಮುನಿಗೆ ಅನುವರ್ತನೆ ಹಾಕಿದರೆ ತಪ್ಪು. ಅನುವರ್ತನೆಗೆ ದಿಕ್ಕು ಬೇಕು. ಮುನಿ ಗಿಡವನ್ನು ಎಡದಿಂದ ಮುಟ್ಟಿ, ಬಲದಿಂದ ಮುಟ್ಟಿ, ಮಡಚುವುದು ಒಂದೇ ಥರ. ಸೌತೆ ಕುಡಿ ಹಾಗಲ್ಲ. ಕೋಲಿಗೆ ತಾಗಿದ ಬದಿ ನಿಧಾನ ಬೆಳೆಯುತ್ತದೆ, ಆಚೆ ಬದಿ ಬೇಗ ಬೆಳೆಯುತ್ತದೆ. ಹಾಗಾಗಿ ತಾಗಿದ ಕಡೆಗೇ ಸುತ್ತುತ್ತದೆ. ಅದಕ್ಕೆ ಸ್ಪರ್ಶಾನುವರ್ತನೆ ಅನ್ನಿ.

ಸಾಗರ, 5:50

ಸಂಸ್ಕೃತ ತೆಗೆದು ಸಂಸ್ಕೃತ ಹಾಕಿದರೆ ಏನು ಬಂತು? ಮಕ್ಕಳಿಗೆ 'ಸಮನ್ವಯ' ಅಂದರೆ ಸಮಿತಿ ನೆನಪಾಗುತ್ತದೆ, ಮೈ ಅಲ್ಲ.

ಹೊಂದಿಕೆ ಅನ್ನಿ ಟೀಚರ್. 'ಹೊಂದು' ನಮ್ಮದೇ ಧಾತು, ಹಳಗನ್ನಡದಲ್ಲಿ ಪೊಂದು. ಬಾಗಿಲಿಗೆ ಚಿಲಕ ಹೊಂದುತ್ತದೆ, ಮಾತಿಗೆ ಮಾತು ಹೊಂದುತ್ತದೆ. ಕಾಲು ಮುಂದಿಟ್ಟಾಗ ಕೈ ಹಿಂದಕ್ಕೆ ಹೋಗುವುದೂ ಹೊಂದಿಕೆಯೇ. ಆದರೆ ಹೊಂದಾಣಿಕೆ ಬೇಡ. ಅದು ಅತ್ತೆ ಸೊಸೆ ಮಾಡಿಕೊಳ್ಳುವುದು. ನಿಯಂತ್ರಣದ ಬದಲು ಹತೋಟಿ. 'ಹತೋಟಿ, ಹೊಂದಿಕೆ'. ನೋಡಿ, ಪ್ರಾಸವೂ ಬಂತು.

'ಅನುವರ್ತನೆ'ಯನ್ನೇ ಕಿತ್ತು ಹಾಕಿ. ಅನು ಅಂದರೆ ಹಿಂಬಾಲಿಸುವುದು. ಬೆಳಕಿಗೆ ಬೆನ್ನು ತಿರುಗಿಸಿ ಹೋಗುವ ಬೇರಿಗೂ 'ಋಣ ದ್ಯುತಿ ಅನುವರ್ತನೆ' ಅಂತೆ. ಓಡಿಹೋಗುವವನನ್ನು ಹಿಂಬಾಲಕ ಅಂದ ಹಾಗಾಯಿತು. 'ಬೆಳಕಿನತ್ತ ಬಾಗು', 'ಬೆಳಕಿನಿಂದಾಚೆ ಬಾಗು' ಅಂದರೆ ಮುಗಿಯಿತು. ಕಾವಲಿ ಚಿತ್ರಕ್ಕೆ 'ತಟ್ಟನೆ ಎಳೆತ'. 'ಥಟ್ಟನೆ' ಅಂತ ಬರೆಸಬೇಡಿ, ಕನ್ನಡದ ನಾಲಗೆಗೆ ಆ ಥಕಾರ ಇಲ್ಲ.

ಹಾರ್ಮೋನಿಗೆ ಜಗಳ ಬೇಡ ಅಂದಿರಿ. ಜಗಳ ಅಲ್ಲ, ಪದ ಕೊಡುತ್ತೇನೆ: ಒಳಸುರಿ. ನಾಳವಿಲ್ಲದ ಗ್ರಂಥಿ ನೇರ ರಕ್ತಕ್ಕೇ ಸುರಿಸುವುದರಿಂದ ಒಳಸುರಿ.

ಧಾರವಾಡ, 6:15

ಸಾಗರದವರೇ, ಹತೋಟಿ ನಿಮ್ಮ ಮನೆಯದು ಅಂತ ಯಾರು ಹೇಳಿದರು? ಮರಾಠಿಯಲ್ಲಿ ಹಾತೋಟಿ ಅಂದರೆ ಕೈಚಳಕ. ಹಾತ್ ಅಂದರೆ ಕೈ. ಸಂಸ್ಕೃತವನ್ನು ಮುಂಬಾಗಿಲಿನಿಂದ ಓಡಿಸಿ ಮರಾಠಿಯನ್ನು ಹಿತ್ತಿಲಿನಿಂದ ಒಳಗೆ ಬಿಟ್ಟುಕೊಂಡಿರಿ. ನಮ್ಮ ಕಡೆ ನಮಗೇನೂ ಬೇಜಾರಿಲ್ಲ, ನಿಮಗೆ ಆಗಬೇಕು ಅಷ್ಟೇ.

ಒಳಸುರಿ ಬೇಡವೇ ಬೇಡ. ಗಿಡಕ್ಕೆ ಗ್ರಂಥಿ ಎಲ್ಲಿದೆ? ರಕ್ತ ಎಲ್ಲಿದೆ? ಆಕ್ಸಿನ್ನೂ ಹಾರ್ಮೋನೇ. ಅದು ತುದಿಯ ಎಳೆ ಜೀವಕೋಶಗಳಲ್ಲಿ ಹುಟ್ಟಿ, ಒಂದು ಕೋಶದಿಂದ ಇನ್ನೊಂದಕ್ಕೆ ದಾಟುತ್ತಾ ಕೆಳಗಿಳಿಯುತ್ತದೆ. ಕಾಂಡದ ಒಂದು ಬದಿಗೆ ಮಾತ್ರ ಬೆಳಕು ಬಿದ್ದರೆ ನೆರಳಿನ ಬದಿಗೆ ಹೆಚ್ಚು ಸೇರುತ್ತದೆ. ಆ ಬದಿಯ ಕೋಶಗಳು ಉದ್ದವಾಗುತ್ತವೆ, ಕಾಂಡ ಬೆಳಕಿನ ಕಡೆ ಬಾಗುತ್ತದೆ. ಇಲ್ಲಿ ಸುರಿಯುವುದು ಏನು? ಪದ ಕಟ್ಟುವ ಮುಂಚೆ ವಸ್ತುವನ್ನು ನೋಡಬೇಕು.

ಸಾಗರ, 6:30

ಹತೋಟಿ ವಾಪಸ್ ತೆಗೆದುಕೊಂಡೆ. ಹಿಡಿತ ಅನ್ನಿ. ಅದಕ್ಕೂ ಮರಾಠಿ ಅಪ್ಪ ಇದ್ದರೆ ಹೇಳಿ.

ಆದರೆ ಹಾರ್ಮೋನು ಒಪ್ಪಲ್ಲ. 1905ರಲ್ಲಿ ಸ್ಟಾರ್ಲಿಂಗ್ ಅನ್ನುವವರು ಆ ಹೆಸರನ್ನು ಬಳಕೆಗೆ ತಂದರು. ಗ್ರೀಕಿನಲ್ಲಿ 'ಹುರಿದುಂಬಿಸು, ಚಾಲನೆ ಕೊಡು' ಅನ್ನುವ ಅರ್ಥದ ಮಾತು ಅದು. ಇಂಗ್ಲಿಷಿನವರು ಗ್ರೀಕರಿಂದ ತಂದ ಸಾಲಕ್ಕೆ ನಾವ್ಯಾಕೆ ಬಡ್ಡಿ ಕಟ್ಟಬೇಕು?

ಧಾರವಾಡ, 6:36

'ಬಡ್ಡಿ' ಸಂಸ್ಕೃತದ 'ವೃದ್ಧಿ'ಯ ತದ್ಭವ. ಆಕ್ಸಿನ್ ಅಂದರೂ ಗ್ರೀಕಿನಲ್ಲಿ ಬೆಳೆಯುವುದೇ. ನೀವು ಆಗಲೇ ಕಟ್ಟುತ್ತಿದ್ದೀರಿ.

ಮೈಸೂರು, 6:40

ಟೀಚರ್ ಕೇಳಿದ್ದು ಹಾರ್ಮೋನನ್ನಲ್ಲ.

ಮೂರ್ನಾಡು, ರಾತ್ರಿ 7:20

ನಾನು ಪಂಡಿತ ಅಲ್ಲ, ತೋಟದವನು. ಮೇಲಿನದೆಲ್ಲ ಓದಿ ಎರಡು ಮಾತು ಹೇಳಬೇಕು ಅನ್ನಿಸಿತು.

ಹೋದ ವಾರ ನಮ್ಮಲ್ಲಿ ಹೂಮಳೆ ಬಿತ್ತು, ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. ರೋಬಸ್ಟಾ ಕಾಫಿಯ ಮೊಗ್ಗು ಬಿಸಿಲಿನಲ್ಲಿ ಒಣಗಿಕೊಂಡು ಸುಮ್ನೆ ಕೂತಿರುತ್ತದೆ. ನೀರು ಬಿದ್ದ ಮೇಲೆ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೇ ಬೆಳ್ಳಗಾಗುತ್ತದೆ. ಮೇಲಿನ ಗಿಡ, ಕೆಳಗಿನ ಗಿಡ, ಪಕ್ಕದವರ ತೋಟದ ಗಿಡ, ಎಲ್ಲ ಒಂದೇ ದಿನ. ಅವಕ್ಕೆ ನರ ಇಲ್ಲ, ಮೆದುಳು ಇಲ್ಲ. ಇದಕ್ಕಿಂತ ದೊಡ್ಡ ಹೊಂದಿಕೆ ಬೇಕಾ ನಿಮಗೆ? ಟೀಚರ್, ಆ ಮೂಲೆಯಲ್ಲಿ ಒಂದು ಹೂಬಿಟ್ಟ ರೆಕ್ಕೆ, ಅಂದರೆ ಕೊಂಬೆ, ಇಡಿ. ಬೇಕಾದರೆ ನಾನೇ ಕೊಯ್ದು ಕಳಿಸುತ್ತೇನೆ. ಹೂ ಎರಡು ಮೂರು ದಿನದಲ್ಲಿ ಕಂದುತ್ತದೆ, 27ರ ಸಂಜೆ ಹೇಳಿದರೆ ಸಾಕು.

ಧಾರವಾಡದವರು ಹೇಳಿದ ಆಕ್ಸಿನ್ ನಮಗೆ ಹೆಸರಿಲ್ಲದೆಯೇ ಗೊತ್ತು. ಕಾಫಿ ಗಿಡದ ತುದಿ ಮುರಿಯದಿದ್ದರೆ ಅದು ಮೇಲಕ್ಕೇ ಹೋಗುತ್ತದೆ. ಮುರಿದ ಮೇಲೆ ಕೆಳಗೆ ಸುಮ್ಮನಿದ್ದ ಕಣ್ಣುಗಳು ಚಿಗುರುತ್ತವೆ, ಗಿಡ ಅಗಲವಾಗುತ್ತದೆ. ತುದಿಯಿಂದ ಇಳಿದು ಬರುವ ಆ ಹಾರ್ಮೋನೇ ಪಕ್ಕದ ಕಣ್ಣುಗಳನ್ನು ಅದುಮಿ ಇಟ್ಟಿರುತ್ತದಂತೆ. ಇದೇ ಹಿಡಿತ ಅಲ್ವಾ?

ಇನ್ನೊಂದು. ನಮ್ಮಲ್ಲಿ 'ಕಸಿ' ಅಂದರೆ ಕೊಂಬೆ ಸವರುವುದು. ಪುಸ್ತಕದಲ್ಲಿ ಕಸಿ ಅಂದರೆ ಎರಡು ಗಿಡ ಕೂಡಿಸುವುದು. ನನ್ನ ಮಗಳು ಪರೀಕ್ಷೆಯಲ್ಲಿ ನಮ್ಮ ಅರ್ಥ ಬರೆದು ಎರಡು ಮಾರ್ಕು ಕಳಕೊಂಡಳು. ಶುದ್ಧ ಕನ್ನಡ ಯಾವುದು, ಯಾರದು, ಸ್ವಲ್ಪ ಹೇಳಿ.

ಸಾಗರ, 7:32

ಹೂಮಳೆ! ನೋಡಿ, ಇದು ಪದ. ಯಾವ ಸಮಿತಿಯೂ ಕೂತು ಮಾಡಿದ್ದಲ್ಲ. ಮೆಣಸಿನ ಬಳ್ಳಿಯನ್ನೂ ಆ ಮೂಲೆಯಲ್ಲಿ ಸೇರಿಸಬಹುದಲ್ಲ, ಅದೂ ಮರ ಸುತ್ತುತ್ತದೆ.

ಮೂರ್ನಾಡು, 7:40

ಇಲ್ಲ ಸಾರ್. ಮೆಣಸಿಗೆ ಸುತ್ತುವ ಕುಡಿ ಇಲ್ಲ. ಗೆಣ್ಣುಗೆಣ್ಣಿನಲ್ಲಿ ಬೇರು ಬಿಟ್ಟು ಮರದ ತೊಗಟೆಗೆ ಅಂಟಿಕೊಳ್ಳುತ್ತದೆ. ಸೌತೆಯ ಪಕ್ಕ ಇಟ್ಟರೆ ಮಕ್ಕಳಿಗೆ ಗೊಂದಲ.

ಮಡಿಕೇರಿ, 8:15

ಎಲ್ಲರಿಗೂ ಥ್ಯಾಂಕ್ಸ್. ಅಣ್ಣ, ಕಾಫಿ ರೆಕ್ಕೆ ಖಂಡಿತ ಬೇಕು.

ಮೈಸೂರಿನ ಸಾರ್‌ಗೆ ಒಂದು ಮಾತು. ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರಿದ್ದಾರೆ, ಅರೆಭಾಷೆಯವರು, ಮಲಯಾಳದವರು, ತುಳುವಿನವರು, ಯರವ ಮಕ್ಕಳು ಇದ್ದಾರೆ. ಅರ್ಧ ಜನಕ್ಕೆ ಕನ್ನಡವೇ ಶಾಲೆಗೆ ಬಂದು ಕಲಿತ ಭಾಷೆ. ಅದರ ಮೇಲೆ 'ಸ್ಪರ್ಶಾನುವರ್ತನೆ' ಹೊರಿಸಿದರೆ ಅವರು ಕುಡಿಯನ್ನು ನೋಡುವುದಿಲ್ಲ, ಪದವನ್ನೇ ನೋಡುತ್ತಾ ನಿಲ್ಲುತ್ತಾರೆ. ಪರೀಕ್ಷೆಗೆ ಪುಸ್ತಕದ ಪದವೇ ಬೇಕು, ಗೊತ್ತು. ಅದನ್ನು ಕೆಳಗೆ ಸಣ್ಣದಾಗಿ ಬರೆಸುತ್ತೇನೆ.

ಮುನಿ ಗಿಡದ ಹತ್ತಿರ ಇವತ್ತು ಅರ್ಧ ಗಂಟೆ ಕೂತಿದ್ದೆವು. ಒಂದು ಕಡ್ಡಿಯ ತುದಿಯಿಂದ ತುದಿಯೆಲೆ ಮುಟ್ಟಿದೆವು. ಜೋಡಿ ಜೋಡಿಯಾಗಿ ಮಡಚುತ್ತಾ ಹಿಂದಕ್ಕೆ ಬಂತು. ಕೊನೆಗೆ ತೊಟ್ಟೇ ಬುಡದಲ್ಲಿ ಕುಸಿಯಿತು. ಬುಡದಲ್ಲಿ ಒಂದು ಸಣ್ಣ ಉಬ್ಬು ಇದೆ. ಅದರ ಕೆಳಬದಿಯ ಕೋಶಗಳಿಂದ ನೀರು ಹೊರಗೆ ಹೋಗಿ ಮೆತ್ತಗಾಗುತ್ತವೆ, ಅಷ್ಟೇ. ಮತ್ತೆ ಬಿಚ್ಚಿಕೊಳ್ಳಲಿ ಅಂತ ಕಾದು ಕಾದು ಹುಡುಗರಿಗೆ ಬೇಜಾರಾಯಿತು. ಒಬ್ಬಳು, "ಮುನಿಸು ಇಳಿದಿಲ್ಲ ಟೀಚರ್" ಅಂದಳು. ಫಲಕಕ್ಕೆ 'ಮುನಿಸು' ಅಂತಲೇ ಬರೆಸಿಬಿಡೋಣ ಅಂತಿದ್ದೇನೆ.

ಕಾವಲಿಗೆ 'ಥಟ್ಟನೆ ಎಳೆತ'. ಥಕಾರವನ್ನು ಬಿಡಲ್ಲ, ಕ್ಷಮಿಸಿ. ಕೈ ಸುಟ್ಟಾಗ ಬರುವ ಸದ್ದು ಅದೇ. ಸುದ್ದಿ ಬೆನ್ನುಮೂಳೆಯೊಳಗಿನ ಮೆದುಳುಬಳ್ಳಿಗೆ ಹೋಗಿ ಅಲ್ಲಿಂದಲೇ ತಿರುಗಿ ಬರುತ್ತದೆ, ಉರಿ ಮೆದುಳಿಗೆ ಗೊತ್ತಾಗುವ ಹೊತ್ತಿಗೆ ಕೈ ಹಿಂದೆ ಬಂದಿರುತ್ತದೆ. ಮೆದುಳುಬಳ್ಳಿ ಪುಸ್ತಕದ್ದೇ ಪದ. ಎಷ್ಟು ಚೆನ್ನಾಗಿದೆ. ಅದನ್ನು ಮಾಡಿದವರೇ 'ಪರಾವರ್ತಿತ'ವನ್ನೂ ಮಾಡಿದರಾ ಅಂತ ಆಶ್ಚರ್ಯ.

ಮೈಸೂರು, 8:30

ಪರಾವರ್ತಿತ ಎಂದರೆ ತಿರುಗಿ ಬಂದದ್ದು. ನೀವೇ ಈಗ 'ತಿರುಗಿ ಬರುತ್ತದೆ' ಎಂದು ಬರೆದಿರಿ. ಪದ ಸರಿಯಿದೆ, ಓದುವವರು ಅರ್ಥ ಕೇಳುವುದಿಲ್ಲ, ಅಷ್ಟೇ. ಇನ್ನು ನಾನು ಬರೆಯುವುದಿಲ್ಲ.

ಧಾರವಾಡ, 8:34

ಈ ಮಾತನ್ನು ಹೋದ ತಿಂಗಳೂ ಬರೆದಿದ್ದಿರಿ.

ಮಡಿಕೇರಿ, ಮರುದಿನ 11:05

ಪೇಂಟರ್ ಈಗ ಹೋದ. ತಲೆಬರಹ 'ಹಿಡಿತ ಮತ್ತು ಹೊಂದಿಕೆ'. ಬರೆಯುವಾಗ, "ಇದು ಮದುವೆ ಬೋರ್ಡಾ ಟೀಚರ್?" ಅಂತ ಕೇಳಿದ. ಕುಡಿಯ ಮುಂದೆ 'ತಾಗಿದತ್ತ ಬಾಗು'. ಹಾರ್ಮೋನು ಹಾರ್ಮೋನಾಗಿಯೇ ಉಳಿಯಿತು.

ಸಾಗರ, 11:20

ಎಲ್ಲ ಚೆನ್ನಾಗಿದೆ. ನಡುವೆ ಆ 'ಮತ್ತು' ಯಾಕೆ? ಅದು ಇಂಗ್ಲಿಷಿನ ಆಂಡ್. 'ಹಿಡಿತವೂ ಹೊಂದಿಕೆಯೂ' ಆಗಬೇಕಿತ್ತು. ಅಳಿಸಲು ಬರುತ್ತದಾ?

ಮಡಿಕೇರಿ, 11:24

ಆಯಿಲ್ ಪೇಂಟ್ ಸಾರ್.