ಮಗಳ ಜೊತೆ ಬೇರೆ ಮನೆ ಮಾಡಲೇ, ತವರಲ್ಲೇ ಇರಲೇ? ಅನುಭವ ಇದ್ದವರು ಹೇಳಿ

ಹಾಸನದವಳು: ನನಗೆ 31, ಮಗಳಿಗೆ ಐದು ವರ್ಷ. ಗಂಡನ ಮನೆ ಬಿಟ್ಟು ತವರಿಗೆ ಬಂದು ಎಂಟು ತಿಂಗಳಾಯಿತು. ಮೈಸೂರಿನಲ್ಲಿ 19,000 ಸಂಬಳದ ಕೆಲಸ ಸಿಕ್ಕಿದೆ. ಅಣ್ಣ, ಅತ್ತಿಗೆ ಏನೂ ಅಂದಿಲ್ಲ. ಆದರೆ ನೆಂಟರು ಬಂದಾಗ ಅಮ್ಮ ನನಗೆ ಒಳಗೇ ಇರು ಅನ್ನುತ್ತಾರೆ. ಜೀವನಾಂಶಕ್ಕೆ ಇನ್ನೂ ಅರ್ಜಿ ಹಾಕಿಲ್ಲ. ಒಬ್ಬಳೇ ಮಗಳನ್ನು ಕರೆದುಕೊಂಡು ಹೋಗಬಹುದಾ?

ಟೀಚರಮ್ಮ: ನಾನು ಹೋದೆ. ಬೆಂಗಳೂರಿನಲ್ಲಿ ಹದಿನಾಲ್ಕು ಮನೆ ನೋಡಿದೆ. ಎಲ್ಲ ಕಡೆ ಮೊದಲ ಪ್ರಶ್ನೆ, "ಯಜಮಾನರು ಎಲ್ಲಿ ಕೆಲಸ ಮಾಡ್ತಾರೆ?" ನಿಜ ಹೇಳಿದಲ್ಲೆಲ್ಲ "ಫೋನ್ ಮಾಡ್ತೀವಿ" ಅಂದರು. ಹದಿನೈದನೆಯ ಮನೆಯಲ್ಲಿ ಸುಳ್ಳು ಹೇಳಿದೆ, ಗಂಡ ದುಬೈನಲ್ಲಿದ್ದಾರೆ ಅಂತ. ಬಾಡಿಗೆ 8,500, ಅಡ್ವಾನ್ಸ್ 60,000. ಏಳು ತಿಂಗಳು ನಡೆಯಿತು. ಒಂದು ದಿನ ಮಗ ಓನರ್ ಮೊಮ್ಮಗನ ಹತ್ತಿರ "ನಮ್ಮಪ್ಪ ದುಬೈನಲ್ಲಿಲ್ಲ, ನಮ್ಮ ಜೊತೆ ಇರೋದೇ ಇಲ್ಲ" ಅಂದುಬಿಟ್ಟ. ಹನ್ನೊಂದು ದಿನದಲ್ಲಿ ಖಾಲಿ ಮಾಡಿಸಿದರು. ಪೇಂಟಿಂಗ್ ಅಂತ 9,500 ಹಿಡಿದುಕೊಂಡರು, ನಲ್ಲಿ ರಿಪೇರಿಗೆ ಇನ್ನೂ 1,200. ಆ ನಲ್ಲಿ ನಾವು ಹೋಗುವ ಮೊದಲೇ ಸೋರುತ್ತಿತ್ತು. ದುಡ್ಡಿಗಿಂತ ನೋವಾದದ್ದು ಬೇರೆ. ಖಾಲಿ ಮಾಡುವ ದಿನ ಮಗ ನನ್ನನ್ನು ಕೇಳಿದ, "ನಾನು ತಪ್ಪು ಹೇಳಿದ್ನಾ?" ಅಂತ. ಮುಂದಿನ ಮನೆಯಲ್ಲಿ ಬಾಗಿಲಲ್ಲೇ ನಿಜ ಹೇಳಿದೆ. ಐದು ವರ್ಷದಿಂದ ಅಲ್ಲೇ ಇದ್ದೇನೆ.

ಅಲೆದು ಸಾಕಾದವಳು: ಮನೆ ಆಮೇಲೆ. ಮೊದಲು ಅರ್ಜಿ ಹಾಕಿ. ನಾನು ಸಿಆರ್‌ಪಿಸಿ ಅನ್ನುವ ಹಳೆಯ ಕ್ರಿಮಿನಲ್ ಪ್ರಕ್ರಿಯೆ ಕಾನೂನಿನ ಸೆಕ್ಷನ್ 125ರಲ್ಲಿ ಜೀವನಾಂಶಕ್ಕೆ ಹಾಕಿದ್ದು 2014 ಫೆಬ್ರವರಿ. ಈಗ ಅದು ಹೊಸ ಕಾನೂನು ಬಿಎನ್‌ಎಸ್‌ಎಸ್‌ನ ಸೆಕ್ಷನ್ 144. ಆರ್ಡರ್ ಬಂದದ್ದು 2017 ಜೂನ್. ನಲವತ್ತು ತಿಂಗಳು. ತಿಂಗಳಿಗೆ 6,000, ಅದೂ ಆರ್ಡರ್ ದಿನದಿಂದ. ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020 ನವೆಂಬರ್‌ನಲ್ಲಿ. ನನಗೆ ಹೋದದ್ದು 2,40,000. ನಾಲ್ಕು ತಿಂಗಳು ಕೊಟ್ಟು ನಿಲ್ಲಿಸಿದ. ಭಾವ ಬಂದು "ಕೊಡಿಸ್ತೀನಿ, ಕೋರ್ಟು ಬೇಡಮ್ಮ" ಅಂದರು. ನಂಬಿ ಹತ್ತೊಂಬತ್ತು ತಿಂಗಳು ಕೂತೆ. ಬಾಕಿಯನ್ನು ಒಂದು ವರ್ಷದೊಳಗೆ ಕೇಳದಿದ್ದರೆ ಅದಕ್ಕೆ ವಸೂಲಿ ವಾರಂಟ್ ಆಗಲ್ಲ. ಏಳು ತಿಂಗಳದ್ದು, 42,000, ಕೈಬಿಟ್ಟಿತು. ವಕೀಲರಿಗೆ 38,000 ಕೊಟ್ಟಿದ್ದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಸಂಬಳ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆ ಕೊಡುತ್ತಾರೆ ಅಂತ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ತುಂಗಾ: ನಾನು ತವರಲ್ಲೇ ಉಳಿದೆ. ಗಂಡ ತೀರಿಹೋದಾಗ ಮಗನಿಗೆ ಎರಡು ವರ್ಷ. ತಪ್ಪು ಮಾಡಿದೆ ಅಂತ ಇವತ್ತಿಗೂ ಅನ್ನಿಸಿಲ್ಲ. ಮಗು ಅಜ್ಜಿ ತಾತನ ಕೈಯಲ್ಲಿ ಬೆಳೆಯಿತು. ಆದರೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಅಮ್ಮ, ಹಾಗಾಗಿ ಗೃಹಲಕ್ಷ್ಮಿಯ 2,000 ಅವರ ಖಾತೆಗೆ ಬರುತ್ತದೆ. ಮಗನಿಗೆ ಶೂ ಬೇಕಾದರೂ ನಾನು ಕೇಳಿಯೇ ತೆಗೆದುಕೊಳ್ಳಬೇಕು. ನಿಮಗೆಲ್ಲ ಜಗಳಕ್ಕಾದರೂ ಒಬ್ಬ ಮನುಷ್ಯ ಇದ್ದಾನೆ. ಬಿಟ್ಟು ಬರುವುದು ನಿಮ್ಮ ಆಯ್ಕೆ. ನನ್ನನ್ನು ಯಾರೂ ಕೇಳಲಿಲ್ಲ.

ಅಲೆದು ಸಾಕಾದವಳು: ಆಯ್ಕೆ ಅಂತೀರಾ? ನನ್ನ ತಲೆಯಲ್ಲಿ ಆರು ಹೊಲಿಗೆ ಇದೆ. ನಿಮ್ಮನ್ನು ಕಂಡರೆ ಜನ ಪಾಪ ಅನ್ನುತ್ತಾರೆ. ನಮ್ಮನ್ನು ಕಂಡರೆ "ಸ್ವಲ್ಪ ಹೊಂದಿಕೊಂಡು ಹೋಗಬೇಕಿತ್ತು". ಎರಡೂ ಒಂದೇನಾ?

ತುಂಗಾ: ಪಾಪ ಅಂದವರೇ ತಮ್ಮನ ಮದುವೆಯಲ್ಲಿ ಆರತಿ ಹೊತ್ತಿಗೆ ನನ್ನನ್ನು ಹಿಂದೆ ನಿಲ್ಲಿಸಿದರು. ತಟ್ಟೆ ನಾನೇ ಸಿದ್ಧ ಮಾಡಿದ್ದೆ. ನಿಮ್ಮ ಹೊಲಿಗೆಯ ವಿಷಯ ಗೊತ್ತಿರಲಿಲ್ಲ, ಆ ಮಾತಿಗೆ ಕ್ಷಮಿಸಿ. ಆದರೆ ಪಾಪ ಅನ್ನಿಸಿಕೊಳ್ಳೋದು ಸುಖ ಅಂದುಕೊಳ್ಳಬೇಡಿ.

ಅಮ್ಮ ಮಾತ್ರ: ನೀವಿಬ್ಬರೂ ಒಂದು ಕಾಲದಲ್ಲಿ ತಾಳಿ ಕಟ್ಟಿಸಿಕೊಂಡವರು. ನನಗೆ ಮದುವೆಯೇ ಆಗಿರಲಿಲ್ಲ. ನನ್ನ ಹೆಸರು ನೀವು ಯಾವ ಸಾಲಿನಲ್ಲೂ ಸೇರಿಸುವುದಿಲ್ಲ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪಾಲಕಿ ಆಗಬಹುದು ಅಂತ ಸುಪ್ರೀಂ ಕೋರ್ಟ್ 2015 ಜುಲೈನಲ್ಲೇ ಹೇಳಿದೆ. ಪಾಸ್‌ಪೋರ್ಟ್‌ಗೆ ತಂದೆ ತಾಯಿಯಲ್ಲಿ ಒಬ್ಬರ ಹೆಸರು ಸಾಕು ಅಂತ 2016 ಡಿಸೆಂಬರ್‌ನಿಂದ ಇದೆ. ಆದರೂ ಒಂದು ಶಾಲೆಯಲ್ಲಿ ಗುಮಾಸ್ತರು "ಸುಮ್ನೆ ಯಾವುದಾದರೂ ಹೆಸರು ಬರೀರಿ ಮೇಡಂ" ಅಂದರು. ಹಿಂದೆ ಕ್ಯೂನಲ್ಲಿದ್ದವರು ನಕ್ಕರು. ಮೂರು ಸಲ ಹೋದೆ, ಮೂರು ದಿನ ರಜೆ. ಕೊನೆಗೆ ಆ ಜಾಗದಲ್ಲಿ ಗೆರೆ ಎಳೆಸಿಯೇ ಬಂದೆ. ದುಬೈ ಗಂಡನ ಕಥೆ ಕಟ್ಟಿದವರು ನಮ್ಮ ದಾರಿ ಇನ್ನೂ ಕಷ್ಟ ಮಾಡುತ್ತಾರೆ.

ಟೀಚರಮ್ಮ: ರಾತ್ರಿ ಮಗುವನ್ನು ಎಲ್ಲಿ ಮಲಗಿಸಲಿ ಅನ್ನುವ ಚಿಂತೆ ಇದ್ದಾಗ ಹೇಳಿದ ಸುಳ್ಳು ಅದು. ನೀವು ನನಗೆ ಪಾಠ ಹೇಳಬೇಡಿ.

ಅಮ್ಮ ಮಾತ್ರ: ಆ ಚಿಂತೆ ನನಗೂ ಇತ್ತು. ಆರು ತಿಂಗಳು ಪಿಜಿಯಲ್ಲಿ ಮಗುವನ್ನಿಟ್ಟುಕೊಂಡು ಇದ್ದೆ. ರಾತ್ರಿ ಅತ್ತರೆ ಟೆರೇಸಿಗೆ ಎತ್ತಿಕೊಂಡು ಹೋಗುತ್ತಿದ್ದೆ. ಸುಳ್ಳು ಹೇಳಲಿಲ್ಲ.

ಹಾಸನದವಳು: ದಯವಿಟ್ಟು ಜಗಳ ಬೇಡ ಅಕ್ಕಂದಿರೇ. ಅರ್ಜಿ ಈ ವಾರವೇ ಹಾಕುತ್ತೇನೆ. ನನ್ನ ದೊಡ್ಡ ಭಯ ಬೇರೆ. ಶಾಲೆ ಮೂರೂವರೆಗೆ ಬಿಡುತ್ತೆ, ನನ್ನ ಕೆಲಸ ಮುಗಿಯೋದು ಆರೂವರೆಗೆ. ಆ ಮೂರು ಗಂಟೆ ಮಗಳು ಎಲ್ಲಿರಬೇಕು?

ಟೀಚರಮ್ಮ: ನನಗೆ ಎದುರುಮನೆ ಅಜ್ಜಿ ಸಿಕ್ಕಿದರು. ತಿಂಗಳಿಗೆ 2,500 ಕೊಡುತ್ತಿದ್ದೆ. ಬೇಡ ಬೇಡ ಅಂದು ತೆಗೆದುಕೊಳ್ಳುತ್ತಿದ್ದರು. ಮಗನ ತಲೆಗೆ ಎಣ್ಣೆ ಹಚ್ಚಿ, ಮಗ್ಗಿ ಹೇಳಿಸಿ ಕೂರಿಸಿರುತ್ತಿದ್ದರು. 2022ರಲ್ಲಿ ತೀರಿಕೊಂಡರು. ಬೇರೆ ವ್ಯವಸ್ಥೆ ಆಗುವವರೆಗೆ ಹದಿನಾರು ದಿನ ಅರ್ಧ ದಿನದ ರಜೆ ಹಾಕಿದೆ, 6,300 ಸಂಬಳ ಕಟ್ ಆಯಿತು. ಮಗ ಎರಡು ತಿಂಗಳು ಶಾಲೆಯಿಂದ ಬಂದವನೇ ಮೊದಲು ಅವರ ಬಾಗಿಲನ್ನೇ ತಟ್ಟುತ್ತಿದ್ದ.