ತೀವ್ರ ಸೋಂಕಿನ ರೋಗಿಗೆ ವಿಟಮಿನ್ ಸಿ ಬೇಡ, ಬಿ1 ಸಾಕು ಎನ್ನುವುದೇಕೆ?

ಪ್ರಶ್ನೆ (ಸೋಮವಾರಪೇಟೆಯಿಂದ):
ಕಾಫಿ ತೋಟದಲ್ಲಿ ಕೆಲಸ ಮಾಡುತ್ತಿದ್ದ ನನ್ನ ಮಾವನವರಿಗೆ ಈ ಮಳೆಗಾಲದಲ್ಲಿ ಇಲಿ ಜ್ವರ ಬಂದು, ಸೋಂಕು ಉಲ್ಬಣಿಸಿ, ರಕ್ತದೊತ್ತಡ ಕುಸಿದು, ಈಗ ಮೈಸೂರಿನಲ್ಲಿ ಐಸಿಯುನಲ್ಲಿದ್ದಾರೆ. ರಕ್ತದಲ್ಲಿ ವಿಟಮಿನ್ ಡಿ ಬಹಳ ಕಡಿಮೆಯಿದೆಯಂತೆ. ಸಿ ಕೂಡ ಕಡಿಮೆಯೇ ಇರುತ್ತದೆ, ಡ್ರಿಪ್‌ನಲ್ಲಿ ಹಾಕಿಸಿ ಎಂದು ನೆಂಟರೊಬ್ಬರು ಒತ್ತಾಯಿಸುತ್ತಿದ್ದಾರೆ. ವೈದ್ಯರು ಮಾತ್ರ ಅದನ್ನು ನಿರಾಕರಿಸಿ ಬಿ1 ಕೊಡುತ್ತಿದ್ದಾರೆ. ಕೊರತೆ ಇದ್ದರೂ ತುಂಬಬಾರದೇಕೆ?

ಉತ್ತರ 1 (ವೈದ್ಯ, ಮಡಿಕೇರಿ):
ನಿಮ್ಮ ನೆಂಟರ ಊಹೆ ತಪ್ಪಲ್ಲ. ತೀವ್ರ ಸೋಂಕಿನಲ್ಲಿ ದೇಹವು ವಿಟಮಿನ್ ಸಿ ಯನ್ನು ಬೇಗ ಖರ್ಚು ಮಾಡುವುದರಿಂದ ಬಹುತೇಕರಲ್ಲಿ ಅದು ಕುಗ್ಗಿರುತ್ತದೆ. ಆದರೆ 2022ರಲ್ಲಿ ಪ್ರಕಟವಾದ ಲೋವಿಟ್ ಎಂಬ ಅಧ್ಯಯನದಲ್ಲಿ, ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ಯನ್ನು ರಕ್ತನಾಳದ ಮೂಲಕ ಪಡೆದವರಲ್ಲಿ ಶೇ. 44.5 ಮಂದಿ 28ನೇ ದಿನದ ಹೊತ್ತಿಗೆ ತೀರಿಕೊಂಡಿದ್ದರು ಅಥವಾ ಅಂಗಾಂಗ ವೈಫಲ್ಯದಿಂದ ಹೊರಬಂದಿರಲಿಲ್ಲ. ಪಡೆಯದವರಲ್ಲಿ ಆ ಪ್ರಮಾಣ ಶೇ. 38.5 ಮಾತ್ರ. ಡಿ ವಿಷಯದಲ್ಲಿ ಇನ್ನೊಂದು ತೊಡಕಿದೆ: ಅದನ್ನು ರಕ್ತದಲ್ಲಿ ಹೊತ್ತೊಯ್ಯುವ ಪ್ರೋಟೀನೇ ಉರಿಯೂತದ ಸಮಯದಲ್ಲಿ ಇಳಿಯುವುದರಿಂದ, ಜ್ವರದ ಮಧ್ಯೆ ಮಾಡಿಸಿದ ಪರೀಕ್ಷೆ ನಿಜವಾದ ದಾಸ್ತಾನನ್ನು ಹೇಳುವುದಿಲ್ಲ. ಕೊರತೆಯಿದ್ದ ಐಸಿಯು ರೋಗಿಗಳಿಗೆ 5,40,000 ಯೂನಿಟ್ ಡಿ ಯನ್ನು ಒಮ್ಮೆಗೇ ಕೊಟ್ಟು ನೋಡಿದ 2019ರ ಅಧ್ಯಯನದಲ್ಲೂ ಸಾವು ಕಡಿಮೆಯಾಗಲಿಲ್ಲ.

ಬಿ1, ಅಂದರೆ ಥಯಾಮಿನ್, ಬೇರೆ ಕಥೆ. ಸಕ್ಕರೆಯನ್ನು ಶಕ್ತಿಯಾಗಿ ಪರಿವರ್ತಿಸುವ ಹಾದಿಯಲ್ಲಿ ಅದಿಲ್ಲದಿದ್ದರೆ ಲ್ಯಾಕ್ಟೇಟ್ (ಸಕ್ಕರೆ ಪೂರ್ತಿ ಬಳಕೆಯಾಗದೆ ರಕ್ತದಲ್ಲಿ ಶೇಖರವಾಗುವ ವಸ್ತು) ಏರುತ್ತದೆ. ದೇಹದ ದಾಸ್ತಾನು ಎರಡು ಮೂರು ವಾರದಲ್ಲಿ ಬರಿದಾಗಬಲ್ಲದು. ಮದ್ಯಪಾನದಿಂದಲೂ ಅದು ಕುಗ್ಗುತ್ತದೆ; ಮಾವನವರಿಗೆ ಆ ಅಭ್ಯಾಸವಿತ್ತೇ?

ಪ್ರಶ್ನಿಸಿದವರು:
ಸಂಜೆಯ ಹೊತ್ತು ಇತ್ತು. ಆಸ್ಪತ್ರೆಗೆ ಸೇರುವ ಮೊದಲು ಹತ್ತು ದಿನ ಬೆಳ್ತಿಗೆ ಅಕ್ಕಿಯ ಗಂಜಿಯ ಹೊರತು ಬೇರೇನೂ ಇಳಿದಿರಲಿಲ್ಲ.

ಉತ್ತರ 2 (ನಿವೃತ್ತ ಶುಶ್ರೂಷಕಿ, ವಿರಾಜಪೇಟೆ):
ಹಾಗಿದ್ದರೆ ವೈದ್ಯರ ನಿರ್ಧಾರ ಸ್ಪಷ್ಟವಾಗಿದೆ. ಬೆಳ್ತಿಗೆಯಂಥ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಥಯಾಮಿನ್ ಬಹಳ ಕಡಿಮೆ. ನಮ್ಮ ಹಂದಿ ಸಾರಿನಲ್ಲಿ ಅದು ಹೇರಳವಾಗಿದ್ದರೂ ಜ್ವರದಲ್ಲಿ ಅದನ್ನು ಯಾರು ತಾನೇ ತಿನ್ನುತ್ತಾರೆ! ಇಂಥ ರೋಗಿಗೆ ಥಯಾಮಿನ್ ಇಲ್ಲದೆ ಗ್ಲೂಕೋಸ್ ಏರಿಸಿದರೆ ಉಳಿದಿರುವ ಅಲ್ಪಸ್ವಲ್ಪವೂ ಖರ್ಚಾಗಿ ಮಿದುಳಿಗೆ ಹಾನಿಯಾಗಬಹುದು. ಆದ್ದರಿಂದಲೇ ಅದನ್ನು ಮೊದಲು ಅಥವಾ ಜೊತೆಗೆ ಕೊಡುತ್ತಾರೆ. ಇನ್ನೊಂದು ಮಾತು: ಹೆಚ್ಚು ಪ್ರಮಾಣದ ಸಿ ರಕ್ತದಲ್ಲಿದ್ದರೆ ಕೆಲವು ಗ್ಲೂಕೋಮೀಟರ್‌ಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ, ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಅಪಾಯ. ಬಾಯಿಂದ ಊಟ ಆರಂಭವಾದ ಮೇಲೆ, ವೈದ್ಯರು ಒಪ್ಪಿದರೆ, ಕಿತ್ತಳೆ ಕೊಡಿ.